ಶೆಟ್ಟರ ಕಡತ ಅರಮನೆಗೆ ಬಂದದ್ದು

ಬಾಗಿಲು ಮುಂದೆ ಮಾಡಿ, ಹತ್ತಿರ ಬನ್ನಿ. ಈ ಮಾತು ನಿಮ್ಮಲ್ಲೇ ಇರಲಿ. ನಾನೂ ನಾಲ್ಕೇ ಮನೆಗೆ ಹೇಳಿದ್ದೇನೆ.

ನಮ್ಮ ಪಕ್ಕದ ಮನೆ ಗುರುಬಸಪ್ಪಶೆಟ್ಟಿ ಇದ್ದಾನಲ್ಲ, ಅವನ ಅಣ್ಣ ಸಾಯುವಾಗ ಎರಡು ಎಣ್ಣೆಗಾಣ ಬಿಟ್ಟು, “ಮಗಳು ದೊಡ್ಡವಳಾಗೋವರೆಗೆ ನೋಡಿಕೊಳ್ಳಪ್ಪ” ಅಂದಿದ್ದ. ಮಗಳು ಚೆನ್ನಾಜಿ ದೊಡ್ಡವಳಾದಳು. “ಚಿಕ್ಕಪ್ಪ, ಲೆಕ್ಕದ ಕಡತ ತೋರಿಸು” ಅಂದಳು.

“ಏನೂ ಉಳಿದಿಲ್ಲ. ಎಲ್ಲ ನಿನ್ನ ಗಂಜಿಗೇ ಆಯಿತು. ಗಾಣ ಮಾರುತ್ತೇನೆ, ನೀನು ಎಲ್ಲಾದರೂ ಕೂಲಿ ನೋಡಿಕೋ.”

ಹುಡುಗಿ ನೆಟ್ಟಗೆ ದೊರೆಯ ಹತ್ತಿರ ಹೋದಳು.

ಶೆಟ್ಟಿ ಅಲ್ಲೂ ಎದೆ ಸೆಟೆಸಿದ. “ನಂಬಿ ಕೊಟ್ಟ ಮೇಲೆ ಕಡತ ಕೇಳಬಾರದು, ಸ್ವಾಮಿ. ಯಜಮಾನ ಹೇಳಿದ್ದೇ ಲೆಕ್ಕ.”

ದೊರೆಯ ಪಕ್ಕ ಕೂತಿದ್ದ ವಿದೂಷಕ ಹಂಪಣ್ಣ ತಲೆದೂಗಿದ. ಆಸ್ಥಾನದಲ್ಲಿ ಅವನು ತಲೆದೂಗಿದರೆ ಯಾರಿಗೋ ಗ್ರಹಚಾರ.

“ನಿಜ ಶೆಟ್ಟರೇ. ನಿಮ್ಮ ತಂದೆಯವರು ನಿಮಗೆ ಅಂತ ಅರಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ಕಾಯುವವನು ನಾನು. ಉಳಿದದ್ದು ತಗೊಳ್ಳಿ.” ಒಂದು ಅಡಿಕೆ ಕೊಟ್ಟ.

“ಪೆಟ್ಟಿಗೆಯಲ್ಲಿ ಎಷ್ಟಿತ್ತು?”

“ತುಂಬ ಇತ್ತು. ಖರ್ಚಾಯಿತು.”

“ಯಾತಕ್ಕೆ?”

“ಪೆಟ್ಟಿಗೆ ಕಾಯೋದಕ್ಕೆ.”

ಶೆಟ್ಟಿ ಕಿರುಚಿದ. “ಅನ್ಯಾಯ! ಕಾಯುವವನು ನೀನು, ಒಡೆಯ ನಾನು. ಕಾಸುಕಾಸಿಗೂ ಬರಹ ತೋರಿಸು!”

ಹಂಪಣ್ಣ ಚೆನ್ನಾಜಿಯ ಕಡೆ ತಿರುಗಿದ. “ನೀನು ಕೇಳಿದ್ದೂ ಇದನ್ನೇ ಏನಮ್ಮ?”

“ಇದನ್ನೇ. ಇಷ್ಟು ಕೂಗಿರಲಿಲ್ಲ.”

ದೊರೆ ನಕ್ಕುಬಿಟ್ಟ. ಶೆಟ್ಟಿ ಬೆವರಿದ. “ಮನೆಗೆ ಹೋಗಿ ಕಡತದ ಧೂಳು ಒರೆಸಿ ತರುತ್ತೇನೆ, ಸ್ವಾಮಿ.”

“ಒರೆಸಬೇಡಿ,” ಅಂದ ಹಂಪಣ್ಣ. “ಕಪ್ಪು ಬಟ್ಟೆಯ ಮೇಲೆ ಬಳಪದ ಬರಹ ಅದು. ಧೂಳಿನ ಜೊತೆ ಲೆಕ್ಕವೂ ಹೋದೀತು. ಭಟರು ಹಾಗೇ ತರುತ್ತಾರೆ.”

“ಮತ್ತೆ ನನ್ನ ಪೆಟ್ಟಿಗೆ?”

“ಯಾವ ಪೆಟ್ಟಿಗೆ?”

ಕಡತ ಬಂತು. ಗಾಣಗಳಿಗೆ ವರ್ಷವರ್ಷವೂ ಲಾಭ. ‘ಚೆನ್ನಾಜಿಯ ಗಂಜಿಗೆ’ ಅಂತ ಒಂದೇ ದಿನ ಅರವತ್ತು ವರಹ. ಅವತ್ತೇ ಶೆಟ್ಟಿಯ ಹೆಂಡತಿ ಶಿವನಂಜಿಯ ಸೊಂಟಕ್ಕೆ ಚಿನ್ನದ ಡಾಬು ಬಂದದ್ದು. ನಾನು ಕಣ್ಣಾರೆ ಕಂಡಿದ್ದೆ, ಕೇಳಿದವರಿಗೆಲ್ಲ ಹೇಳಿಯೂ ಇದ್ದೆ. ಗಾಣ, ಲಾಭ, ಡಾಬು ಎಲ್ಲ ಚೆನ್ನಾಜಿಗೆ ಸೇರಿತು.

ಮಾರನೆಯ ದಿನ ಗೋಡೆಯ ಮೇಲಿಂದ ಇಣುಕಿ, “ಏನೇ ಶಿವನಂಜಿ, ಸೊಂಟ ಬರಿದಾಗಿದೆ?” ಅಂದೆ. ಪಾಪ ಅಂತಲೇ ಕೇಳಿದ್ದು.

ಅವಳು ನನ್ನ ಮುಖಕ್ಕೇ ಅಂದಳು: “ಭಟರು ಸುಮ್ಮನೆ ಕಡತ ಹೊತ್ತರು ಗಂಗಜ್ಜಿ. ಅದಕ್ಕೆ ಗೊತ್ತಿರೋದು ಗಾಣದ್ದು ಮಾತ್ರ. ನಿನ್ನನ್ನ ಎತ್ತಿಕೊಂಡು ಹೋಗಿದ್ದರೆ ನನ್ನ ಮದುವೆ ದಿನದಿಂದ ಎಲ್ಲ ಲೆಕ್ಕ ನೀನೇ ಒಪ್ಪಿಸುತ್ತಿದ್ದೆ.”