ಎರೆಮಣ್ಣಿನ ಅತ್ತರು

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಮಾತ್ರ ಕೇಳಬೇಡಿ. ನಮ್ಮಜ್ಜನಿಗೆ ಇದನ್ನು ಹೇಳಿದ್ದು ಅವರಜ್ಜ, ಅವರೂ ಕೇಳಿದವರೇ ಹೊರತು ಕಂಡವರಲ್ಲ. ಕಣ್ಣು ಹಾಯುವವರೆಗೂ ಕಪ್ಪು ಮಣ್ಣಿನ ಎರೆಹೊಲವೇ ಇದ್ದ ಒಂದು ಊರಲ್ಲಿ ದಾವಲಸಾಬ ಅಂತ ಒಬ್ಬ ಅತ್ತಾರ ಇದ್ದನಂತೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಏಳು ಊರಿನವರು ಅವನು ನಮ್ಮವನು ಅಂತ ಜಗಳಕ್ಕೆ ಬರುತ್ತಾರೆ.

ಅತ್ತಾರ ಅಂದರೆ ಅತ್ತರು ಮಾಡುವವನು. ದಾವಲಸಾಬನ ಹಿತ್ತಲಲ್ಲಿ ಎರಡು ತಾಮ್ರದ ಹಂಡೆ ಇದ್ದವು. ಒಂದರಲ್ಲಿ ಹೂವು, ನೀರು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಸಣ್ಣ ಉರಿ ಹಚ್ಚುತ್ತಿದ್ದ. ಆವಿ ಬಿದಿರಿನ ಕೊಳವೆಯಲ್ಲಿ ಹಾದು ಇನ್ನೊಂದು ಹಂಡೆಯ ಗಂಧದೆಣ್ಣೆಗೆ ಇಳಿಯುತ್ತಿತ್ತು. ಇಷ್ಟನ್ನು ಎಲ್ಲ ಅತ್ತಾರರೂ ಮಾಡುತ್ತಾರೆ. ದಾವಲಸಾಬನ ಹೆಚ್ಚುಗಾರಿಕೆ ಇದ್ದದ್ದು ಅವನ ಮೂಗಿನಲ್ಲಿ.

ಅವನ ಹತ್ತಿರ ಹೋಗಿ ಮಲ್ಲಿಗೆ ಕೊಡು, ಕೇದಗೆ ಕೊಡು ಅಂದರೆ ಕೊಡುತ್ತಿರಲಿಲ್ಲ. ಮೊದಲು ಚಿಟಿಕೆ ಹತ್ತಿ ಕೊಟ್ಟು, ಇದನ್ನು ಕಿವಿಯಲ್ಲಿಟ್ಟುಕೊಂಡು ಒಂದು ಹಗಲು ಒಂದು ರಾತ್ರಿ ನಿನ್ನ ಕೆಲಸ ನೀನು ಮಾಡು, ಆಮೇಲೆ ತಂದುಕೊಡು ಅನ್ನುತ್ತಿದ್ದ. ತಂದ ಹತ್ತಿಯನ್ನು ಮೂಸಿ ನೋಡಿ, ನೀನು ಮಾತಿನ ಮಲ್ಲ, ನಿನಗೆ ಮರುಗ. ನೀನು ಮುಂಗೋಪಿ, ನಿನಗೆ ಸಂಪಿಗೆ ಹಾಕಿದರೆ ಮನೆಯವರೆಲ್ಲ ಓಡಿಹೋಗುತ್ತಾರೆ, ಲಾವಂಚ ತಗೋ ಅನ್ನುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ ಅಂತಾರೆ. ಹತ್ತಿ ಮೂಸಿಯೇ ಒಬ್ಬಳು ಬಸುರಿ ಅಂತ ಅವಳ ಗಂಡನಿಗಿಂತ ಮೊದಲು ಹೇಳಿದ್ದನಂತೆ. ಇದನ್ನು ನಂಬುವವರು ನಂಬಲಿ.

ಬರಬರುತ್ತಾ ಆ ಸೀಮೆಯಲ್ಲಿ ಇದೇ ಒಂದು ಪದ್ಧತಿಯಾಯಿತು. ಮದುವೆ ಗೊತ್ತಾದ ಹುಡುಗಿ ದಾವಲಸಾಬನ ಹತ್ತಿಯನ್ನು ಕಿವಿಯಲ್ಲಿಟ್ಟು ಕೊಡಬೇಕು, ಅವನು ಅವಳಿಗೆ ಒಗ್ಗುವ ಅತ್ತರು ಮಾಡಬೇಕು, ಅದನ್ನು ಹಂದರದಲ್ಲಿ ಅತ್ತೆಯಾದವಳು ಸೊಸೆಯ ಮುಂಗೈಗೆ ಹಚ್ಚಬೇಕು. ಪದ್ಧತಿ ಬಂದ ಮೇಲೆ ಅದರ ಹಿಂದೆ ಒಂದು ಕಟ್ಟಳೆಯೂ ಬಂತು. ಸುಳ್ಳು ಹತ್ತಿ ಕೊಟ್ಟವಳ ಕೈ ಹಿಡಿಯಬಾರದು, ಹಿಡಿದ ಮನೆ ಏಳಿಗೆಯಾಗುವುದಿಲ್ಲ ಅಂತ. ಇದನ್ನು ದಾವಲಸಾಬ ಹೇಳಿದ್ದಲ್ಲ, ಜನರೇ ಹೇಳಿಕೊಂಡದ್ದು. ಜನಕ್ಕೆ ಒಂದು ಹಗ್ಗ ಕೊಟ್ಟರೆ ಎರಡು ಗಂಟು ಹಾಕುತ್ತಾರೆ.

ಹೀಗಿರುವಾಗ ಊರ ದೇಸಾಯರ ಮಗಳು ಚನ್ನಾಬಾಯಿಗೆ ಮದುವೆ ಗೊತ್ತಾಯಿತು. ದಾವಲಸಾಬ ದೇಸಾಯರ ದೊಡ್ಡ ಮನೆಗೆ, ವಾಡೆಗೆ, ಹತ್ತಿ ಕಳಿಸಿದ. ಮರುದಿನ ಅದು ವಾಪಸು ಬಂತು. ದಾವಲಸಾಬ ಅದನ್ನು ಮತ್ತೆ ಮತ್ತೆ ಮೂಸಿ ನೋಡಿದನಂತೆ.

ಅಂಥ ವಾಸನೆಯನ್ನು ಅವನು ಯಾವ ಹತ್ತಿಯಲ್ಲೂ ಕಂಡಿರಲಿಲ್ಲ. ಮಲ್ಲಿಗೆ ಇಟ್ಟು ನೋಡಿದ, ಒಗ್ಗಲಿಲ್ಲ. ಕೇದಗೆ, ಸಂಪಿಗೆ, ಗುಲಾಬಿ, ಯಾವುದೂ ಒಗ್ಗಲಿಲ್ಲ. ಇದು ಬಹಳ ತಾಳಿಕೊಂಡ ಜೀವ ಅಂದುಕೊಂಡ. ಕೇಳಿದ್ದನ್ನು ಒಳಗೇ ಇಟ್ಟುಕೊಳ್ಳುವ ಜೀವ, ತಾನಾಗಿ ಏನನ್ನೂ ಬೇಡದ ಜೀವ. ಹದಿನೆಂಟರ ಹುಡುಗಿಯಲ್ಲಿ, ಅದೂ ವಾಡೆಯ ಮಗಳಲ್ಲಿ ಇಂಥದ್ದು ಹುಟ್ಟಿದೆಯಲ್ಲ ಅಂತ ಅವನಿಗೆ ಹಿಗ್ಗಾಯಿತು. ಹುಡುಗಿಯ ಮೇಲೆ ಒಂಥರ ಭಕ್ತಿಯೇ ಬಂತು.

ಯುಗಾದಿಯ ಬಿಸಿಲಿಗೆ ಹೊಲ ಬಾಯಿ ಬಿಟ್ಟಿತ್ತು. ಒಂದು ದಿನ ಅಡ್ಡಮಳೆ ಬಿತ್ತು. ಮಳೆ ನಿಂತ ಕೂಡಲೇ ದಾವಲಸಾಬ ಹೊಲಕ್ಕೆ ಹೋಗಿ, ಒಂದು ಮೊಳ ಆಳ ತೋಡಿ, ನೀರು ಈಗಷ್ಟೇ ಮುಟ್ಟಿದ ಕಪ್ಪು ಎರೆ ತಂದ. ಅದನ್ನು ಬಿಲ್ಲೆ ತಟ್ಟಿ, ಒಣಗಿಸಿ, ಸುಟ್ಟು, ಹಂಡೆಗೆ ಹಾಕಿದ. ಜೊತೆಗೆ ಒಂದು ಹಿಡಿ ಲಾವಂಚದ ಬೇರು. ಒಂಬತ್ತು ದಿನ ಉರಿ ಆರಲಿಲ್ಲ ಅಂತಾರೆ. ಕೊನೆಗೆ ಇಳಿದ ಅತ್ತರು ಕಾಕಂಬಿಯಷ್ಟು ಕಪ್ಪಗಿತ್ತು. ಹೆಬ್ಬೆರಳುದ್ದದ ಒಂದೇ ಕುಪ್ಪಿ ಆಯಿತು.

ಮದುವೆಯ ದಿನ ಹಂದರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆಯಾಗುವವಳು ಕುಪ್ಪಿ ಬಿಚ್ಚಿ ಚನ್ನಾಬಾಯಿಯ ಮುಂಗೈಗೆ ಒಂದು ಹನಿ ಹಚ್ಚಿದಳು. ಹಚ್ಚಿದವಳೇ ಮೂಗು ಮುಚ್ಚಿಕೊಂಡಳು. ಹುಡುಗಿಯ ಕೈ ಎಮ್ಮೆ ಹೊರಳಾಡಿದ ಹೊಂಡದಂತೆ ನಾರುತ್ತಿತ್ತು. ಮುಂದಿನ ಸಾಲಿನವರು ಸೆರಗು ಮೂಗಿಗೆ ಹಿಡಿದರು, ಹಿಂದಿನ ಸಾಲಿನವರು ನಕ್ಕರು. ಬೀಗರ ಮುಖ ಕೆಂಪಾಯಿತು. ದೇಸಾಯರು ಎದ್ದು ನಿಂತು ಕೇಳಿದರು, "ಏನೋ ಸಾಬ, ಏನ್ ಮಾಡಿದಿ ಇದನ್ನ?"

ದಾವಲಸಾಬ ಹುಡುಗಿಯ ಮುಖ ನೋಡಿದ. ಅವಳು ತಲೆ ಬಗ್ಗಿಸಿದ್ದಳು. ಅವಳ ಮೇಲುಗಿವಿಯಲ್ಲಿ ಮುತ್ತಿನ ಹೊಸ ಬುಗುಡಿ ಇತ್ತು, ಅದರ ಸುತ್ತ ಚುಚ್ಚಿದ ಗಾಯ ಇನ್ನೂ ಕೆಂಪಗಿತ್ತು. ಅಷ್ಟು ಸಾಕಾಯಿತು ಅವನಿಗೆ. ಈ ಕಿವಿಯಲ್ಲಿ ಹತ್ತಿ ಕೂತಿಲ್ಲ, ಬೇರೆ ಯಾರೋ ಇಟ್ಟುಕೊಂಡು ಕೊಟ್ಟಿದ್ದಾರೆ ಅಂತ ತಿಳಿಯಿತು. ಕಿವಿ ನೋಯುತ್ತಿದ್ದಿರಬೇಕು, ಮಗು ತಾನೇ, ಹತ್ತಿಗೇನು ಗೊತ್ತಾಗುತ್ತದೆ ಅಂದುಕೊಂಡಿರುತ್ತದೆ.

ಆ ಹತ್ತಿ ಇವಳದಲ್ಲ ಅಂತ ಒಂದು ಮಾತು ಅಂದಿದ್ದರೆ ಅವನ ಮೂಗಿನ ಮಾನ ಉಳಿಯುತ್ತಿತ್ತು, ಹುಡುಗಿಯ ಮದುವೆ ಅಲ್ಲೇ ಮುರಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಾವಲಸಾಬ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. "ತಪ್ಪು ನಂದು ಧಣೇರ. ಮೂಗು ಮುಪ್ಪಾತು," ಅಂದ.

ದೇಸಾಯರ ಜನ ಅವನನ್ನು ಹೊಡೆಯಲಿಲ್ಲ ಅಂತ ಕೆಲವರು, ಹೊಡೆದರು ಅಂತ ಕೆಲವರು. ಇನ್ನು ಇವನ ಅತ್ತರು ಯಾರೂ ಮುಟ್ಟಬಾರದು ಅಂತ ದೇಸಾಯರ ಅಪ್ಪಣೆಯಾಯಿತು. ಕುಪ್ಪಿಯನ್ನು ಅವನ ಕಾಲ ಬಳಿ ಎಸೆದರು. ಹುಡುಗಿಯ ಕೈಯನ್ನು ಗುಲಾಬಿ ನೀರಿನಲ್ಲಿ ತೊಳೆದು ಅಕ್ಷತೆ ಹಾಕಿದರು. ಮದುವೆ ಆಯಿತು.

ಮರುದಿನ ಬೆಳಿಗ್ಗೆ ದಾವಲಸಾಬ ಹಂಡೆ ಬೋರಲು ಹಾಕುತ್ತಿದ್ದ. ಆಗ ಗಾಳಿಯಲ್ಲಿ ಆ ವಾಸನೆ ಬಂತು, ಆ ಹತ್ತಿಯದು. ತಿರುಗಿ ನೋಡಿದರೆ ಬೇಲಿಯ ಬಳಿ ಯಮನವ್ವ ನಿಂತಿದ್ದಳು. ಈ ಯಮನವ್ವ ವಾಡೆಗೆ ಸೀನೀರು ಹೊರುವವಳು. ಊರ ಹೊರಗಿನ ಬಾವಿಯಿಂದ ದಿನಕ್ಕೆ ಇಪ್ಪತ್ತು ಕೊಡ ಹೊರುತ್ತಿದ್ದಳು. ಅವಳಿಗೆ ಯಾರೂ ಯಾವತ್ತೂ ಅತ್ತರು ಕೊಟ್ಟಿರಲಿಲ್ಲ. ನೀರು ಹೊರುವವಳಿಗೆ ಅತ್ತರೇಕೆ ಅಂತ ದಾವಲಸಾಬನಿಗೂ ಹತ್ತಿ ಕೊಡಬೇಕು ಅನ್ನಿಸಿರಲಿಲ್ಲ. ಅವನ ನಿಜವಾದ ತಪ್ಪು ಅದು ಅಂತ ನಮ್ಮಜ್ಜ ಅನ್ನುತ್ತಿದ್ದರು.

"ಸಾಬಣ್ಣ, ಆ ಹತ್ತಿ ನನ್ ಕಿವ್ಯಾಗಿತ್ತು," ಅಂದಳಂತೆ. "ಅಕ್ಕಾವ್ರ ಕಿವಿ ಬಾತಿತ್ತು, ನೀನ ಇಟ್ಕೋ ಅಂದ್ರು. ನಿನ್ನೆ ಬಾಯಿ ಬಿಡಬೇಕಂದೆ, ಬಿಡಾಕಾಗಲಿಲ್ಲ. ಈಗ ಹೋಗಿ ಎಲ್ಲಾರ ಮುಂದ ಹೇಳ್ತೀನಿ."

ದಾವಲಸಾಬ ಆ ಕಪ್ಪು ಅತ್ತರಿನ ಕುಪ್ಪಿ ಬಿಚ್ಚಿ ಅವಳ ಮುಂಗೈಗೆ ಒಂದು ಹನಿ ಹಚ್ಚಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳ ಮೈಬಿಸಿಗೆ ಅತ್ತರು ನಿಧಾನಕ್ಕೆ ಎದ್ದಿತು. ಕಾದ ಎರೆಯ ಮೇಲೆ ಮೊದಲ ಮಳೆ ಬಿದ್ದಾಗ ಬರುವ ವಾಸನೆ, ಅದರ ಕೆಳಗೆ ಬೇರಿನ ತಂಪು, ಅದರ ಕೆಳಗೆ ಆರಿದ ಒಲೆಯ ಬೂದಿ. ಅವನ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಂತೋಷಕ್ಕೆ.

"ಹೇಳಬ್ಯಾಡ ತಂಗಿ," ಅಂದ. "ನನ್ ಮೂಗು ಖರೇ ಐತಿ ಅಂತ ನನಗ ಗೊತ್ತಾತು, ನಿನಗ ಗೊತ್ತಾತು. ಆ ಕೂಸು ಬಾಳಲಿ."

ಕುಪ್ಪಿಯನ್ನು ಅವಳಿಗೇ ಕೊಟ್ಟ. ಆಮೇಲೆ ಅವನು ಸೀಗೆಕಾಯಿ ಮಾರಿಕೊಂಡು ಬದುಕಿದ. ಮುಪ್ಪು ಮೂಗಿನ ಸಾಬ ಅಂತ ಜನ ಕರೆದರೆ ಓ ಅನ್ನುತ್ತಿದ್ದ. ಯಮನವ್ವ ವರ್ಷಕ್ಕೊಂದು ಸಲ, ಹೊಲ ಕಾದಿರುವಾಗ, ಒಂದೇ ಹನಿ ಹಚ್ಚಿಕೊಳ್ಳುತ್ತಿದ್ದಳು. ಅವತ್ತು ಅವಳು ಕೊಡ ಹೊತ್ತು ಹಾದುಹೋದರೆ ಎತ್ತುಗಳು ಕಿವಿ ನಿಮಿರಿಸಿ ನಿಲ್ಲುತ್ತಿದ್ದವಂತೆ, ಇರುವೆಗಳು ಮೊಟ್ಟೆ ಹೊತ್ತು ಮೇಲಕ್ಕೆ ಹೊರಡುತ್ತಿದ್ದವಂತೆ, ಮಳೆ ಬಂತೆಂದು ಬಿತ್ತಲು ಕೂರಿಗೆ ಹೊತ್ತು ಹೊಲಕ್ಕೆ ಹೋದ ಬುದ್ಧಿವಂತರೂ ಇದ್ದರಂತೆ. ಸುಳ್ಳೋ ಖರೆಯೋ, ಹೇಳುವಾಗ ಯಾರೂ ನಗುವುದಿಲ್ಲ.

ಎಷ್ಟೋ ವರ್ಷದ ಮೇಲೆ ದಾವಲಸಾಬ ತೀರಿಕೊಂಡ. ಮೈ ತೊಳೆದು ಬಿಳಿ ಬಟ್ಟೆ ಸುತ್ತಿದರು. ಹಚ್ಚಲು ಮನೆಯಲ್ಲಿ ಅತ್ತರಿರಲಿಲ್ಲ. ಸೀಮೆಗೆಲ್ಲ ಅತ್ತರು ಕೊಟ್ಟವನು ಹಾಗೇ ಹೋಗಬೇಕೇನೋ ಅನ್ನುವಾಗ ಹಣ್ಣು ಮುದುಕಿ ಯಮನವ್ವ ಬಂದು, ಸೆರಗಿನ ಗಂಟು ಬಿಚ್ಚಿ, ಕುಪ್ಪಿಯನ್ನು ಅವನ ಜನರ ಕೈಗಿಟ್ಟಳು. ತಳದಲ್ಲಿ ಉಳಿದಿದ್ದನ್ನು ಅವರು ಬಟ್ಟೆಗೆ ಹಚ್ಚಿದರು. ಯಮನವ್ವನಿಗೆ ಬಿಟ್ಟು ಬೇರೆ ಯಾರಿಗೂ ಒಗ್ಗದ ಆ ಅತ್ತರು ಅವನ ಮೇಲೆ ಅದೇ ಥರ ಎದ್ದಿತು. ಓಣಿಯೆಲ್ಲ ಮಳೆ ಬಿದ್ದ ಹೊಲದಂತಾಯಿತು. ಅಂಗಳದಲ್ಲಿದ್ದವರು ಆಕಾಶ ನೋಡಿದರು.

ಅವತ್ತು ಚನ್ನಾಬಾಯಿ ತವರಿಗೆ ಬಂದಿದ್ದಳು. ತಲೆ ನರೆತಿತ್ತು, ಮೂವರು ಸೊಸೆಯರಿದ್ದರು. ವಾಡೆಯ ಕಟ್ಟೆಯ ಮೇಲೆ ಕೂತವಳಿಗೆ ಆ ವಾಸನೆ ಮುಟ್ಟಿತು. ಇಳಿದು ಬರಿಗಾಲಲ್ಲಿ ಅತ್ತಾರರ ಓಣಿಗೆ ಬಂದು, ನೆರೆದವರೆಲ್ಲರ ಮುಂದೆ, "ಅವತ್ತಿನ ಹತ್ತಿ ನಂದಲ್ಲ. ಅವನ ಮೂಗು ತಪ್ಪಿರಲಿಲ್ಲ. ನಾನ ತಪ್ಪಿದ್ದೆ," ಅಂದಳು. ಅವಳು ಹೇಳಿದ್ದರಿಂದಲೇ ನಮಗೆ ಈ ಕತೆ ಗೊತ್ತಾದದ್ದು. ಉಳಿದ ಇಬ್ಬರೂ ಹೇಳುವವರಾಗಿರಲಿಲ್ಲ.

ಈಗ ಆ ಊರಲ್ಲಿ ಅತ್ತರು ಮಾಡುವವರು ಯಾರೂ ಇಲ್ಲ. ಆದರೂ ಆಡಿದರೆ ಮನೆ ಮುರಿಯುವಂಥ ಮಾತು ಬಾಯಿಗೆ ಬಂದಾಗ, ದಾವಲಸಾಬನ ಹತ್ತಿ ಇಟ್ಟುಕೋ ಅಂತ ಹಿರಿಯರು ಅನ್ನುತ್ತಾರೆ. ಮದುವೆಯಲ್ಲಿ ಮೊದಲ ಗಂಧ ಹಚ್ಚುವುದು ನೀರು ಹೊತ್ತು ತಂದವಳ ಕೈಗೆ. ಮದುವೆ ಗೊತ್ತಾದ ಹುಡುಗಿ ಇವತ್ತಿಗೂ ಒಂದು ಹಗಲು ಒಂದು ರಾತ್ರಿ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಅದನ್ನು ದಾವಲಸಾಬನ ಗೋರಿಯ ಪಕ್ಕದ ಎರೆಯಲ್ಲಿ ಹೂಳಿ ಬರುತ್ತಾಳೆ. ಹೂಳುವಾಗ ಬಗ್ಗಿ, ಮಣ್ಣಿಗೆ ಕೇಳುವಷ್ಟು ಮೆಲ್ಲಗೆ, "ಇದು ನಂದ," ಅಂತ ಹೇಳಬೇಕು.