ಕಾಫಿ ಬೀಜದೊಳಗಿನ ಹನಿ

ಲೋಕ ಹುಟ್ಟಿದ ಮೂರನೆಯ ಬೇಸಿಗೆಯಲ್ಲಿ ಇದು ನಡೆಯಿತು.

ಆಗ ಬೆಟ್ಟಗಳು ಹೊಸವು. ಹೊಳೆಗಳಿಗೆ ಇನ್ನೂ ದಾರಿ ರೂಢಿಯಾಗಿರಲಿಲ್ಲ. ಯಾವ ಗಿಡ ಯಾವಾಗ ಹೂ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಮಣ್ಣು ಮಾತ್ರ ಎಲ್ಲರಿಗೂ ಒಂದೇ ಮಾತು ಹೇಳಿತ್ತು. "ಮೂರು ವರ್ಷ ಜಾಗ ಕೊಡ್ತೀನಿ. ಅಷ್ಟರಲ್ಲಿ ಬೀಜ ತೋರಿಸಿ. ಇಲ್ಲದಿದ್ರೆ ಜಾಗ ಬೇರೆಯವರಿಗೆ."

ಒಂದು ಬೆಟ್ಟದ ಇಳಿಜಾರಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ, ಕಾಫಿ ನಿಂತಿದ್ದಳು. ಅವಳ ಕೆಳಗೆ ಬೆಟ್ಟದ ಬುಡದವರೆಗೂ ಅವಳ ತಂಗಿಯರು. ಎರಡು ವರ್ಷ ಕಳೆದಿತ್ತು. ಒಬ್ಬಳಿಗೂ ಒಂದು ಬೀಜ ಕಟ್ಟಿರಲಿಲ್ಲ.

ಪಕ್ಕದಲ್ಲೇ ಜರಿಗಿಡ ಕಾಯುತ್ತಿತ್ತು. "ಇನ್ನೇನು ಕಾಫಮ್ಮ, ಈ ವರ್ಷ ಕಳೆದ್ರೆ ನಾನು ಕಾಲು ಚಾಚಬಹುದು ಅಲ್ವಾ?" ಎಂದು ದಿನವೂ ಕೇಳುತ್ತಿತ್ತು.

ಬೀಜ ಕಟ್ಟಿದ ದಿನ ಅದರೊಳಗೆ ಇಡಲೆಂದು ಕಾಫಿ ಘಮ ಕೂಡಿಟ್ಟಿದ್ದಳು. ಕಿತ್ತಳೆಯಿಂದ ಸ್ವಲ್ಪ, ಏಲಕ್ಕಿಯಿಂದ ಸ್ವಲ್ಪ, ಹಲಸಿನ ಹಣ್ಣಿನಿಂದ ಸ್ವಲ್ಪ, ಮೆಣಸಿನ ಬಳ್ಳಿಯಿಂದ ಒಂದು ಚಿಟಿಕೆ. ಆದರೆ ಬೀಜವೇ ಇಲ್ಲ. ಘಮ ಇಡುವುದೆಲ್ಲಿ?

ತಪ್ಪು ತನ್ನಲ್ಲೇ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕಾಫಿ ಹಿಡಿತದವಳು. ದಿನಕ್ಕೆ ಒಂದು ಮೊಗ್ಗಿಗೆ ಮಾತ್ರ ಬೇರಿನಿಂದ ನೀರು ಕಳಿಸುತ್ತಿದ್ದಳು. ದಿನಕ್ಕೆ ಒಂದೇ ಹೂ. ತಂಗಿಯರೂ ಹಾಗೆಯೇ. ಅರಳಿದ ಹೂ ಒಂಟಿಯಾಗಿ ನಿಂತು ಒಂಟಿಯಾಗಿ ಬಾಡುತ್ತಿತ್ತು.

ಕೊನೆಗೆ ಅವಳು ಹಾರಿಹೋಗುತ್ತಿದ್ದ ಹೆಜ್ಜೇನನ್ನು ತಡೆದು ಕೇಳಿದಳು. "ನಮ್ಮ ಹೂವಿಗೆ ಯಾಕೆ ಬರಲ್ಲ ನೀವು?"

"ಒಂದು ಹೂವಿಗಾ? ನಮ್ಮನೇಲಿ ಸಾವಿರಾರು ಜನ ಇದೀವಿ ತಾಯಿ. ಒಂದೇ ಹೋಳಿಗೆ ಮಾಡಿ ಊರಿಗೆಲ್ಲ ಊಟಕ್ಕೆ ಹೇಳಿದ ಹಾಗಾಯ್ತು."

"ಎಷ್ಟು ಹೂ ಬೇಕು?"

"ಬೆಟ್ಟ ಬೆಳ್ಳಗಾಗಬೇಕು. ಎಲ್ಲರೂ ಒಂದೇ ದಿನ ಅರಳಿ. ಆಗ ಕರೀದೇ ಬರ್ತೀವಿ."

ಒಂದೇ ದಿನ! ಆದರೆ ಬೆಟ್ಟದ ಬುಡದ ತಂಗಿಗೆ ಆ ದಿನ ಯಾವುದೆಂದು ಹೇಳುವವರು ಯಾರು? ಗಾಳಿಯ ಕೈಲಿ ಹೇಳಿ ಕಳಿಸಿದರೆ ಅದು ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತದೆ. ಕಾಫಿ ಮೂರು ದಿನ ಯೋಚಿಸಿದಳು. ಬೆಟ್ಟದ ತುದಿಗೂ ಬುಡಕ್ಕೂ ಒಟ್ಟಿಗೇ ತಿಳಿಯುವುದು ಒಂದೇ. ಮಳೆ.

ನೀರು ಕುಡಿದ ಮೊಗ್ಗು ಒಂಬತ್ತನೆಯ ದಿನ ಅರಳುತ್ತದೆ. ಎರಡು ವರ್ಷ ಅದನ್ನೇ ಮಾಡಿದವಳಿಗೆ ಅದು ಬಾಯಿಪಾಠ. "ಮೊಗ್ಗು ಬಿಗಿಹಿಡೀರಿ. ಬೇರಿನ ನೀರು ನಿಲ್ಲಿಸಿ. ಮಳೆ ಬಿದ್ದ ಮೇಲೆ ಒಂಬತ್ತು ದಿನ ಎಣಿಸಿ," ಎಂದು ಅವಳು ಕೆಳಗಿನ ತಂಗಿಗೆ ಹೇಳಿದಳು. ಆ ತಂಗಿ ಮುಂದಿನವಳಿಗೆ ಹೇಳಿದಳು. ಮಾತು ಬುಡ ಮುಟ್ಟಿತು.

ಬಿಸಿಲು ಏರಿತು. ಎಲೆಗಳು ಜೋತುಬಿದ್ದವು. ಮೊಗ್ಗುಗಳು ಹಸಿರು ಕಡ್ಡಿಗಳಂತೆ ಗಟ್ಟಿಯಾಗಿ ಕುಳಿತವು. ಒಂದು ತಿಂಗಳಾಯಿತು. ಒಂದೂವರೆ ತಿಂಗಳಾಯಿತು.

ಒಂದು ಸಂಜೆ ಎಲೆಗಳ ಮೇಲೆ ಪಟಪಟ ಸದ್ದಾಯಿತು.

"ಮಳೆ! ಮಳೆ ಬಂತು ಕಣ್ರೇ!" ಮರದ ಮೇಲಿಂದ ಮೆಣಸಿನ ಬಳ್ಳಿ ಕೂಗಿದಳು.

ಕಾಫಿ ಬೇರಿನ ತುದಿಯನ್ನು ಮೇಲಕ್ಕೆ ಚಾಚಿ ಮಣ್ಣು ಮುಟ್ಟಿ ನೋಡಿದಳು. ಒಂದು ಬೆರಳಿನಷ್ಟು ಆಳಕ್ಕೂ ತೇವ ಇಳಿದಿರಲಿಲ್ಲ. "ಇದು ಮಳೆಯಲ್ಲ, ತುಂತುರು. ಎಣಿಸಬೇಡಿ!"

"ನೆನೆದ ಮೇಲೂ ಮಳೆ ಅಲ್ಲ ಅಂತೀಯಲ್ಲೇ," ಎಂದಳು ಬಳ್ಳಿ.

ಬಾಯಾರಿದವರಿಗೆ ಬಳ್ಳಿಯ ಮಾತೇ ರುಚಿಸಿತು. ಅರ್ಧ ಬೆಟ್ಟ ಎಣಿಸಲು ಶುರುಮಾಡಿತು. ಆ ಮೊಗ್ಗುಗಳು ಊದಿಕೊಂಡವು, ಸ್ವಲ್ಪ ಬೆಳ್ಳಗಾದವು, ನೀರು ಸಾಲದೆ ಆರನೆಯ ದಿನ ಕಂದಿ ಉದುರಿದವು. ಬಳ್ಳಿ ಎಲೆಯ ಹಿಂದೆ ಮುಖ ಮರೆಸಿಕೊಂಡಳು.

ಉಳಿದದ್ದು ಅರ್ಧ ಬೆಟ್ಟ. ಜರಿಗಿಡ ಆಗಲೇ ಒಂದು ಎಲೆ ಬಿಚ್ಚಿ ಕಾಫಿಯ ಬುಡದ ಮೇಲೆ ಹಾಸಿತು.

"ಅಕ್ಕಾ, ನನ್ನ ಕೈಲಿ ಆಗ್ತಿಲ್ಲ," ಎಂದಳು ಕೆಳಗಿನ ತಂಗಿ.

"ಮೊಗ್ಗು ಬಿಡಬೇಡ."

"ಮಳೆ ಬರದೇ ಇದ್ರೆ?"

ಕಾಫಿ ಸುಳ್ಳು ಹೇಳಲಿಲ್ಲ. "ಬರದೇ ಇದ್ರೆ ಮುಗೀತು. ಮೊಗ್ಗು ಬಿಡಬೇಡ."

ಹನ್ನೊಂದು ದಿನಗಳ ನಂತರ ಮಳೆ ಬಂತು. ಈ ಸಲ ಪಟಪಟ ಅಲ್ಲ, ಧೋ ಎಂದು. ನೀರು ಬೇರಿನ ತುದಿಯನ್ನೂ ದಾಟಿ ಇಳಿಯಿತು. ಕಾಫಿ ಒಂದೇ ಮಾತು ಹೇಳಿದಳು. "ಎಣಿಸಿ."

ಮೂರನೆಯ ದಿನ ಮೊಗ್ಗು ಮೆತ್ತಗಾಯಿತು. ಐದನೆಯ ದಿನ ಗಾಳಿ ಓಡಿಬಂದು, "ಆಚೆ ಬೆಟ್ಟದಲ್ಲಿ ಆಗಲೇ ಅರಳಿದ್ದಾರೆ, ನೀವಿನ್ನೂ ಕೂತಿದ್ದೀರಾ?" ಎಂದಿತು. ಯಾರೂ ಅಲುಗಲಿಲ್ಲ. ಏಳನೆಯ ದಿನ ಮೊಗ್ಗಿನ ತುದಿ ಬೆಳ್ಳಗಾಯಿತು.

ಎಂಟನೆಯ ದಿನ ಮಧ್ಯಾಹ್ನ ಆಕಾಶ ಕಪ್ಪಾಯಿತು.

ಅರಳುವ ಹೊತ್ತಿಗೆ ಮಳೆ ಸುರಿದರೆ ಹೂವಿನ ಪುಡಿಯೆಲ್ಲ ತೊಳೆದುಹೋಗುತ್ತದೆ. ಜೇನುಗಳು ಗೂಡು ಬಿಟ್ಟು ಹೊರಡುವುದಿಲ್ಲ. ಇನ್ನೊಮ್ಮೆ ಬಿಡಲು ಮೊಗ್ಗಿಲ್ಲ, ಕಾಯಲು ವರ್ಷವಿಲ್ಲ.

"ಮಳೆಯಜ್ಜಿ, ಇವತ್ತು ಬೇಡ! ನಾಳೆ, ನಾಡಿದ್ದೂ ಬೇಡ!"

"ಅಯ್ಯೋ ನಿನ್ನ! ಮೊನ್ನೆ ಬಾ ಬಾ ಅಂತ ಬಾಯಿ ಬಿಡ್ತಿದ್ದೆ. ಮೊಣಕಾಲು ನೋವಲ್ಲೂ ಘಟ್ಟ ಹತ್ತಿ ಬಂದೀನಿ. ಈಗ ಬಾಗಿಲು ಹಾಕ್ತೀಯಾ?" ಮಳೆ ಗುಡುಗಿದಳು.

"ಮೂರೇ ದಿನ ಅಜ್ಜಿ."

"ಹೊತ್ತು ತಂದ ನೀರು ವಾಪಸ್ಸು ಹೊರಬೇಕಾ ನಾನು? ಸುಮ್ಮನೆ ಹೊರಲ್ಲ. ನಿನ್ನ ಹತ್ರ ಏನಿದೆ?"

ಕಾಫಿಯ ಹತ್ತಿರ ಇದ್ದದ್ದು ಘಮ ಒಂದೇ. ಘಮವಿಲ್ಲದ ಬೀಜವನ್ನು ಯಾರು ಕೇಳುತ್ತಾರೆ? ಆದರೆ ಬೀಜವೇ ಇಲ್ಲದಿದ್ದರೆ? ಅವಳು ತಂಗಿಯ ಕಡೆ ನೋಡಿದಳು. ತಂಗಿಯ ಕೊಂಬೆಯ ತುಂಬ ಮೊಗ್ಗುಗಳು ಬಿರಿಯಲು ತವಕಿಸುತ್ತಿದ್ದವು.

"ಘಮ ಇದೆ. ಎಲ್ಲಾ ತಗೋ."

ಮಳೆ ಮೂಸಿ ನೋಡಿದಳು. "ಒಳ್ಳೇ ಘಮ ಕಣೇ. ಇದನ್ನ ಎಲ್ಲಿ ಅಂತ ಹೊತ್ಕೊಂಡು ತಿರುಗಲಿ? ನಿನ್ನಲ್ಲೇ ಇರಲಿ, ಆದ್ರೆ ಬೀಗ ನನ್ನದು." ಮೊಗ್ಗಿಗೊಂದರಂತೆ ಅವಳು ಸಣ್ಣ ಹನಿ ಇಟ್ಟಳು. ಘಮವೆಲ್ಲ ಆ ಹನಿಯೊಳಗೆ ಹೋಗಿ ಮುಚ್ಚಿಕೊಂಡಿತು. "ಈ ಹನಿ ಬಿಟ್ಟುಹೋಗೋ ತನಕ ಘಮ ಯಾರಿಗೂ ಸಿಗಲ್ಲ. ಬಿಟ್ಟುಹೋದ ಮೇಲೂ ಅದು ಕೊನೆಗೆ ನೀರಿಗೇ ಬರಬೇಕು."

"ಆಯ್ತು ಅಜ್ಜಿ."

ಮಳೆ ಗೊಣಗುತ್ತ ಘಟ್ಟದಾಚೆ ಇಳಿದಳು. ಒಂದು ಹನಿಯೂ ಬೀಳಲಿಲ್ಲ.

ಮರುದಿನ ನಸುಕಿನಲ್ಲಿ ಅರ್ಧ ಬೆಟ್ಟ ಒಟ್ಟಿಗೆ ಅರಳಿತು. ಸೂರ್ಯ ಬರುವ ಮೊದಲೇ ಹೆಜ್ಜೇನಿನ ಸದ್ದು ಬಂತು. ಮಣ್ಣು ಬೀಜ ಕೇಳಲು ಬಂದಾಗ ಕಾಫಿಯ ಕೊಂಬೆಗಳಲ್ಲಿ ಕೆಂಪು ಹಣ್ಣು ಜಗ್ಗುತ್ತಿತ್ತು. ಜರಿಗಿಡ ಹಾಸಿದ್ದ ಎಲೆಯನ್ನು ಎಳೆದುಕೊಂಡಿತು. ಮರುವರ್ಷ ಉಳಿದರ್ಧ ಬೆಟ್ಟದಲ್ಲೂ ಕಾಫಿ ಸಸಿಗಳೇ ಎದ್ದವು.

ಮಕ್ಕಳೇ, ಹಸಿ ಕಾಫಿ ಬೀಜವನ್ನು ಮೂಸಿ ನೋಡಿ. ಒಣಹುಲ್ಲಿನ ವಾಸನೆ, ಅಷ್ಟೇ. ಅದನ್ನು ಬಾಣಲೆಗೆ ಹಾಕಿ ಹುರಿಯುವಾಗ ಚಟ್ ಎಂದು ಸದ್ದಾಗುತ್ತದೆ. ಅದು ಮಳೆಯಜ್ಜಿಯ ಹನಿ ಹೊರಟ ಸದ್ದು. ಕೂಡಲೇ ಮನೆಯೆಲ್ಲ ಘಮಘಮ. ಆಮೇಲೆ ಪುಡಿಯ ಮೇಲೆ ಅಮ್ಮ ಬಿಸಿನೀರು ಸುರಿದಾಗ ಘಮ ನೀರಿಗೆ ಇಳಿಯುತ್ತದೆ.

ಕಾಫಿ ಸೀಮೆಯಲ್ಲಿ ಬೇಸಿಗೆಯ ಮೊದಲ ದೊಡ್ಡ ಮಳೆಗೆ ಹೂಮಳೆ ಎನ್ನುತ್ತಾರೆ. ಅದು ಬಿದ್ದ ಮೇಲೆ ಒಂದು ಬೆಳಿಗ್ಗೆ ತೋಟವೆಲ್ಲ ಒಟ್ಟಿಗೆ ಬೆಳ್ಳಗಾಗಿರುತ್ತದೆ. ಮಳೆ ಬಿದ್ದ ದಿನವನ್ನು ಬಿಟ್ಟು ಎಣಿಸಿದರೆ, ಒಂಬತ್ತು.