ಮೆಣಸಿನಕಾಯಿ ನೀರಿನ ಮೇಲೆ ಸಿಟ್ಟಾದದ್ದು

ಲೋಕವಿನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಬೆಟ್ಟ ಎಲ್ಲಿ ಕೂರಬೇಕೆಂಬ ಜಗಳವೇ ಮುಗಿದಿರಲಿಲ್ಲ. ಆಗಲೇ ಮೆಣಸಿನಕಾಯಿಗೆ ಕೆಂಪೂ ಇತ್ತು, ಖಾರವೂ ಇತ್ತು. ಆದರೆ ಎರಡೂ ಅವಳ ಹೊಟ್ಟೆಯೊಳಗೇ. ಹೊರಗೆ ಹಂಚುವ ದಾರಿ ಅವಳಿಗೆ ಗೊತ್ತಿರಲಿಲ್ಲ.

ಬಿಸಿಲಿಗೆ ಅವಳು ಒಣಗಿದಳು. ಮೈಯೆಲ್ಲ ಸುಕ್ಕು, ಅಲ್ಲಾಡಿದರೆ ಬೀಜ ಗಿಲಿಗಿಲಿ. ಹೀಗೇ ಪುಡಿಯಾಗಿ ಗಾಳಿಗೆ ಹಾರಿಹೋದರೆ ತನ್ನ ಕೆಂಪು ಯಾರ ಪಾಲು ಎಂಬುದೊಂದೇ ಚಿಂತೆ.

ಗಿಡದ ಪಕ್ಕದಲ್ಲೇ ಹೊಳೆರಾಯ ಹರಿಯುತ್ತಿದ್ದ. ಮಿರಿಮಿರಿ ಅಂಗಿ, ತಣ್ಣನೆಯ ಮಾತು.

"ಬಾರಕ್ಕ, ನನ್ನ ಕೂಡ ಬಾ. ನಿನ್ನ ಕೆಂಪು ಊರೂರಿಗೆ ಹಂಚ್ತೀನಿ. ನಾ ಹೋಗದ ಊರು ಯಾವುದೈತಿ?"

ಊರೂರು ತಿರುಗಿದವರ ಮಾತಿಗೆ ಮರುಳಾಗದವರು ಯಾರು! ಅವಳು ದುಡುಮ್ಮನೆ ಹಾರಿದಳು.

ಹೊಳೆರಾಯ ಅವಳನ್ನು ಕುಣಿಸಿದ, ಉರುಳಿಸಿದ, ದಡದ ಕಪ್ಪೆಗಳಿಗೆಲ್ಲ "ನೋಡ್ರೋ ನನ್ನ ಬೀಗರು" ಎಂದು ತೋರಿಸಿದ. ಚೂರು ಕೆಂಪನ್ನೂ ಹಂಚಲಿಲ್ಲ. ಬೇಸರ ಬಂದೊಡನೆ ತಿರುವಿನ ಮರಳಿಗೆ ಎಸೆದು ಹೊರಟ. ನೆನೆದು ಉಬ್ಬಿದ ಅವಳಿಗೆ ಬೂಷ್ಟು ಹಿಡಿಯುವುದೊಂದೇ ಬಾಕಿ.

"ಏ ಹೊಳೆರಾಯ! ಮಾತು ಕೊಟ್ಟಿದ್ದೆಲ್ಲೋ!"

"ನಾ ಹರಿಯಾಂವ ಅಕ್ಕ. ಮಾತು ಅಲ್ಲೇ ಹಿಂದ ಉಳೀತು."

ಮೇಲಿಂದ ನಗು ಬೇರೆ! ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

ನೀರು ತರಲು ಬಂದ ಕಲ್ಲವ್ವ ಅವಳನ್ನು ಆಯ್ದು, ಮರಳು ಕೊಡವಿ, ಮಾಳಿಗೆ ಮೇಲೆ ಒಣಹಾಕಿದಳು. ಗರಿಗರಿಯಾದ ಮೇಲೆ ಬೆಳ್ಳುಳ್ಳಿ ಜೊತೆ ಕುಟ್ಟಿ ಬೋಗುಣಿಗೆ ಸುರಿದಳು. ಒಣ ರೊಟ್ಟಿಗೆ ನೆಂಚಿಕೊಳ್ಳಲು ಏನಾದರೂ ಬೇಕಿತ್ತು. ಕಲಸಲೆಂದು, ಹೊಳೆಯಿಂದ ತಂದ ಕೊಡದೊಳಗಿನ ನೀರಿಗೆ ಕೈ ಹಾಕಿದಳು.

"ಅವನ ಸಂಗ ಬ್ಯಾಡ ನನ್ನವ್ವ!" ಬೋಗುಣಿಯೊಳಗಿಂದ ಕೂಗು. "ಅಂವ ಮಾತಿಗೆ ತಪ್ಪಿದಾಂವ. ಪುಡಿಯಾಗೇ ಹಾರಿಹೋಗ್ತೀನಿ, ಅವನ ಮಾರಿ ಮಾತ್ರ ನೋಡಂಗಿಲ್ಲ!"

"ಅಯ್ಯ, ಕುಟ್ಟಿದ ಮ್ಯಾಲೂ ಇಷ್ಟು ಬಾಯೇನ ನಿಂದು!" ಕಲ್ಲವ್ವ ನಕ್ಕು, ಒಲೆಯ ಮೇಲೆ ಶೇಂಗಾ ಎಣ್ಣೆ ಇಟ್ಟಳು. ಎಣ್ಣೆ ಕಾದು ಹೊಗೆಯಾಡಿತು. ಸುರಿಯಲೆಂದು ಬಾಣಲೆ ಎತ್ತಿದಳು.

"ತಡಿಯವ್ವ," ಎಂದಿತು ಎಣ್ಣೆ. "ಈ ಬಿಸಿಗೆ ಅಕ್ಕ ಸುಟ್ಟು ಕರಕಲಾಗ್ತಾಳ. ಕೆಳಗಿಳಿಸು, ಚೂರು ಆರ್ತೀನಿ."

ಮೆಣಸಿನಕಾಯಿಗೆ ಅಚ್ಚರಿಯೋ ಅಚ್ಚರಿ. ತಣ್ಣಗಿದ್ದವನು ಎಸೆದು ಹೋದ. ಕುದಿಯುವ ಎಣ್ಣೆ ತನಗಾಗಿ ಆರುತ್ತೇನೆ ಎನ್ನುತ್ತಿದೆ!

ಕಲ್ಲವ್ವ ಬಾಣಲೆ ಕೆಳಗಿಳಿಸಿ, ಎಣ್ಣೆಗೆ ಬೆಳ್ಳುಳ್ಳಿ ಸಿಪ್ಪೆ ಹಾಕಿ ನೋಡಿದಳು. ಥಟ್ಟನೆ ಕಪ್ಪಾಯಿತು. ಕಾದಳು. ಮತ್ತೊಂದು ಸಿಪ್ಪೆ ಹಾಕಿದಳು. ಅದು ಮೆಲ್ಲಗೆ ಗುಳ್ಳೆಯೆದ್ದು ಹೊಂಬಣ್ಣಕ್ಕೆ ತಿರುಗಿತು.

"ಬರಲೇನಕ್ಕ?" ಎಂದು ಕೇಳಿತು ಎಣ್ಣೆ.

"ಬಾ."

ಚೊಂಯ್! ಬಚ್ಚಿಟ್ಟ ಕೆಂಪನ್ನೆಲ್ಲ ಅವಳು ಬಿಚ್ಚಿಕೊಟ್ಟಳು. ಖಾರವನ್ನೂ ಕೊಟ್ಟಳು. ಬೋಗುಣಿಯ ಎಣ್ಣೆ ಕೆಂಡದಂತೆ ಹೊಳೆಯಿತು. ಮನೆತುಂಬ ಘಾಟು, ಕಲ್ಲವ್ವನಿಗೆ ಸೀನೋ ಸೀನು.

ಕೊಡದೊಳಗಿದ್ದ ಹೊಳೆರಾಯ ಇಣುಕಿ ನೋಡಿದ. "ಅಕ್ಕ, ನನಗೂ ಒಂಚೂರು..." ಎನ್ನುತ್ತ ಹನಿಯಾಗಿ ಬೋಗುಣಿಗೆ ಹಾರಿದ. ಚಟಪಟ! ಬಿಸಿ ಎಣ್ಣೆ ಅವನನ್ನು ಸಿಡಿಸಿ ಆಚೆ ಎಸೆಯಿತು.

"ಈಗ ನೆನಪಾದೆನೇನು?" ಮೆಣಸಿನಕಾಯಿ ಗುಡುಗಿದಳು. "ಕೇಳಿಲ್ಲಿ! ಎಣ್ಣೆ ಕರೆದರ ಬರ್ತೀನಿ, ತುಪ್ಪ ಕರೆದರ ಬರ್ತೀನಿ, ಹಾಲು ಕರೆದರೂ ಬರ್ತೀನಿ. ನೀ ಎಷ್ಟು ತೊಳೆದರೂ, ಎಷ್ಟು ಬೇಡಿಕೊಂಡರೂ, ಊಹೂಂ!"

ಅದಕ್ಕೇ ಇವತ್ತಿಗೂ ಕೆಂಪೆಣ್ಣೆ ನೀರಿಗೆ ಬೆನ್ನು ಹಾಕಿ ಸಾರಿನ ಮೇಲೆ ತೇಲುತ್ತದೆ. ಖಾರ ಹತ್ತಿದಾಗ ನೀನು ಚೊಂಬುಗಟ್ಟಲೆ ನೀರು ಕುಡಿದರೂ ನಾಲಿಗೆಯ ಉರಿ ಆರುವುದಿಲ್ಲ. ಅವಳ ಸಿಟ್ಟು ನಿನ್ನ ಮೇಲಲ್ಲ ಪುಟ್ಟಾ, ಆ ನೀರಿನ ಮೇಲೆ. ನೀನು ನಡುವೆ ಸಿಕ್ಕಿಕೊಂಡೆ, ಅಷ್ಟೇ.